ಕಲ್ಲಿನ ಮೇಲೆ ಬೆಳಕು ಬೀಳುವ ಹೊತ್ತು

ಕೇಳುಗರೆಲ್ಲರಿಗೂ ನಮಸ್ಕಾರ.

1851ರಲ್ಲಿ ಫ್ರಾನ್ಸಿನ ಐತಿಹಾಸಿಕ ಸ್ಮಾರಕಗಳ ಆಯೋಗವು ಐವರು ಛಾಯಾಗ್ರಾಹಕರನ್ನು ಆರಿಸಿ, ದೇಶದ ಹಳೆಯ ಚರ್ಚುಗಳ, ಕೋಟೆಗಳ, ಅವಶೇಷಗಳ ಚಿತ್ರ ತೆಗೆದು ತರಲು ಬೇರೆಬೇರೆ ಪ್ರಾಂತ್ಯಗಳಿಗೆ ಕಳುಹಿಸಿತು. ಯಾವ ಕಟ್ಟಡ ಯಾವ ಸ್ಥಿತಿಯಲ್ಲಿದೆ, ಯಾವುದಕ್ಕೆ ಮೊದಲು ದುರಸ್ತಿಯಾಗಬೇಕು ಎಂಬುದನ್ನು ಪ್ಯಾರಿಸ್ಸಿನಲ್ಲಿ ಕುಳಿತು ನಿರ್ಧರಿಸುವವರಿಗೆ ನೆರವಾಗಲಿ ಎಂಬುದು ಅದರ ಉದ್ದೇಶ. ಆ ಐವರಲ್ಲಿ ಗುಸ್ತಾವ್ ಲ ಗ್ರೇ ಮತ್ತು ಮೆಸ್ತ್ರಾಲ್ ಜೊತೆಯಾಗಿ ದಕ್ಷಿಣಕ್ಕೆ ಹೋಗಿ ಕಾರ್ಕಸೋನ್ ಕೋಟೆಯ ಚಿತ್ರಗಳನ್ನು ತೆಗೆದರು. ಅದಾದ ಎರಡು ವರ್ಷಕ್ಕೆ ವಾಸ್ತುಶಿಲ್ಪಿ ವಿಯೋಲೆ-ಲ-ದ್ಯುಕ್ ಅಲ್ಲಿ ಜೀರ್ಣೋದ್ಧಾರವನ್ನು ಆರಂಭಿಸಿದರು. ಇಂದು ಕಾರ್ಕಸೋನ್ ಎಂದೊಡನೆ ಕಣ್ಣ ಮುಂದೆ ಬರುವ ಚೂಪು ಚಾವಣಿಗಳು ಆ ಕಾಲದ ಸೇರ್ಪಡೆಗಳು. ಅವು ಬರುವ ಮೊದಲು ಕೋಟೆ ಹೇಗಿತ್ತು ಎಂಬುದಕ್ಕೆ ಆ ಇಬ್ಬರ ಚಿತ್ರಗಳು ಸಾಕ್ಷಿಯಾಗಿ ಉಳಿದಿವೆ.

ಪ್ರವಾಸದಲ್ಲಿ ಸ್ಮಾರಕಗಳ ಮುಂದೆ ಕ್ಯಾಮೆರಾ ಹಿಡಿಯುವ ನಾವು ಕೂಡ, ತಿಳಿದೋ ತಿಳಿಯದೆಯೋ, ಇದೇ ಕೆಲಸವನ್ನು ಮುಂದುವರಿಸುತ್ತಿದ್ದೇವೆ ಎಂಬುದು ನನ್ನ ನಂಬಿಕೆ. ಕಲ್ಲಿನ ಕಟ್ಟಡ ಶಾಶ್ವತವೆಂದು ತೋರಿದರೂ ಅದು ದಿನದಿನಕ್ಕೆ ಸವೆಯುತ್ತದೆ, ಸುಡುತ್ತದೆ, ದುರಸ್ತಿಯಲ್ಲಿ ರೂಪ ಬದಲಿಸುತ್ತದೆ. 2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಕ್ಯಾಥೆಡ್ರಲಿನ ಓಕ್ ಮರದ ಚಾವಣಿ ಉರಿದು, ಅದರ ಶಿಖರ ಮುರಿದು ಬಿದ್ದದ್ದನ್ನು ಜಗತ್ತೇ ನೋಡಿತು. ಆದ್ದರಿಂದ ಚಿತ್ರ ಚೆನ್ನಾಗಿ ಬಂದರೆ ಸಾಲದು, ಅದು ಕಟ್ಟಡದ ಬಗ್ಗೆ ನಿಜವನ್ನೂ ಹೇಳಬೇಕು. ಅದು ಸಾಧ್ಯವಾಗುವುದು ಕಟ್ಟಡವನ್ನು ಓದಲು ಕಲಿತಾಗ.

ಓದಲು ತೊಡಗಬೇಕಾದದ್ದು ದಿಕ್ಕಿನಿಂದ. ಯುರೋಪಿನ ಮಧ್ಯಯುಗದ ದೊಡ್ಡ ಕ್ಯಾಥೆಡ್ರಲುಗಳಲ್ಲಿ ಹೆಚ್ಚಿನವು ಪೂರ್ವಕ್ಕೆ ಪೂಜಾವೇದಿಕೆ, ಪಶ್ಚಿಮಕ್ಕೆ ಮಹಾದ್ವಾರ ಇರುವಂತೆ ಕಟ್ಟಿದವು. ಇದರ ಪರಿಣಾಮವನ್ನು ಶಾರ್ತ್ರ್ ನಗರದಲ್ಲಿ ಸ್ಪಷ್ಟವಾಗಿ ಕಾಣಬಹುದು. 1194ರ ಬೆಂಕಿಯಲ್ಲಿ ಅಲ್ಲಿನ ಹಳೆಯ ಕ್ಯಾಥೆಡ್ರಲಿನ ಬಹುಭಾಗ ನಾಶವಾದರೂ ಪಶ್ಚಿಮದ ರಾಜದ್ವಾರ ಉಳಿದುಕೊಂಡಿತು. ಅದರ ಎರಡೂ ಬದಿಗೆ ಕಂಬಗಳಂತೆಯೇ ನೀಳವಾಗಿ ನಿಂತ ರಾಜರಾಣಿಯರ ಶಿಲ್ಪಗಳಿವೆ. ಅವರ ಉಡುಪಿನ ನೆರಿಗೆಗಳನ್ನು ಕೂದಲೆಳೆಯಷ್ಟು ಹತ್ತಿರ ಹತ್ತಿರ, ನೇರ ಗೆರೆಗಳಲ್ಲಿ ಕೆತ್ತಲಾಗಿದೆ. ಬೆಳಿಗ್ಗೆ ಇಡೀ ದ್ವಾರ ಕಟ್ಟಡದ ನೆರಳಿನಲ್ಲಿರುತ್ತದೆ, ಆಗ ತೆಗೆದ ಚಿತ್ರದಲ್ಲಿ ನೆರಿಗೆಗಳು ಬೂದು ಬಣ್ಣದಲ್ಲಿ ಕಲೆಸಿಹೋಗುತ್ತವೆ. ಮಧ್ಯಾಹ್ನ ಕಳೆದು ಸೂರ್ಯ ಓರೆಯಾಗಿ ಗೋಡೆಯನ್ನು ಸವರತೊಡಗಿದಾಗ ಒಂದೊಂದು ನೆರಿಗೆಯೂ ತನ್ನ ಪಕ್ಕದ ತಗ್ಗಿಗೆ ನೆರಳು ಚೆಲ್ಲುತ್ತದೆ, ಮುಖಗಳಿಗೆ ಗಲ್ಲವೂ ತುಟಿಯೂ ಮೂಡುತ್ತವೆ. ಸೂರ್ಯ ಇನ್ನೂ ಕೆಳಗಿಳಿದು ಎದುರಿಗೆ ಬಂದರೆ ಬಣ್ಣವೇನೋ ಹೊನ್ನಾಗುತ್ತದೆ, ಆದರೆ ಉಬ್ಬುತಗ್ಗು ಮತ್ತೆ ಮಂಕಾಗುತ್ತದೆ. ಸೂರ್ಯಾಸ್ತದ ಹೊತ್ತೇ ಶ್ರೇಷ್ಠವೆಂಬ ಮಾತು ಶಿಲ್ಪದ ಮಟ್ಟಿಗೆ ಅರ್ಧ ಸತ್ಯ ಎಂದು ನಾನು ಹೇಳುವುದು ಈ ಕಾರಣದಿಂದ. ಇನ್ನು ಉತ್ತರದ ಗೋಡೆಗೆ ವರ್ಷದ ಹೆಚ್ಚಿನ ಕಾಲ ನೇರ ಬಿಸಿಲೇ ಬೀಳುವುದಿಲ್ಲ. ಅದಕ್ಕೆ ತೆಳು ಮೋಡದ ದಿನ ಒಳ್ಳೆಯದು.

ಒಳಗೆ ಕಾಲಿಟ್ಟರೆ ಸಮಸ್ಯೆ ಬೇರೆಯಾಗುತ್ತದೆ. ಬಣ್ಣದ ಗಾಜಿನ ಕಿಟಕಿಗೂ ಅದರ ಸುತ್ತಲಿನ ಕಲ್ಲಿಗೂ ಇರುವ ಬೆಳಕಿನ ಅಂತರವನ್ನು ನಮ್ಮ ಕಣ್ಣು ಸಂಭಾಳಿಸಿಕೊಳ್ಳುತ್ತದೆ, ಕ್ಯಾಮೆರಾ ಸಂಭಾಳಿಸಲಾರದು. ಗೋಡೆಗೆ ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣ, ಹೊಂದಿಸಿದರೆ ಗಾಜು ಬೆಳ್ಳಗೆ ಸುಟ್ಟುಹೋಗುತ್ತದೆ. ಗಾಜಿಗೆ ಹೊಂದಿಸಿದರೆ ಗೋಡೆ ಕತ್ತಲಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಗಾಜನ್ನೇ ಆರಿಸುತ್ತೇನೆ. ಶಾರ್ತ್ರಿನ ನೀಲಿಯಾಗಲಿ, 1248ರಲ್ಲಿ ಪ್ರತಿಷ್ಠಾಪನೆಗೊಂಡ ಪ್ಯಾರಿಸ್ಸಿನ ಸೇಂತ್ ಶಾಪೆಲಿನ ಎತ್ತರದ 15 ಕಿಟಕಿಗಳಾಗಲಿ, ಕತ್ತಲ ನಡುವೆ ಹೊಳೆಯಲೆಂದೇ ರೂಪುಗೊಂಡವು. ಆ ಕತ್ತಲನ್ನು ತಂತ್ರಾಂಶದ ನೆರವಿನಿಂದ ತೊಳೆದುಹಾಕಿದ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಆ ಜಾಗದ್ದಲ್ಲ. ಕಿಟಕಿಯ ವಿವರಗಳೇ ಮುಖ್ಯವಾದರೆ ಮೋಡ ಕವಿದ ಆಕಾಶ ಗಾಜನ್ನು ಸಮವಾಗಿ ಬೆಳಗುತ್ತದೆ. ಬಣ್ಣ ನೆಲಕ್ಕೂ ಕಂಬಕ್ಕೂ ಹರಡಿದ್ದನ್ನು ಹಿಡಿಯಬೇಕಾದರೆ ನೇರ ಬಿಸಿಲೇ ಬೇಕು. 1882ರಲ್ಲಿ ಆರಂಭವಾದ ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾದಲ್ಲಿ ಬೆಳಗಿನ ಕಡೆಯ ಕಿಟಕಿಗಳಿಗೆ ನೀಲಿ ಹಸಿರನ್ನೂ ಸಂಜೆಯ ಕಡೆಯವಕ್ಕೆ ಕೆಂಪು ಕಿತ್ತಳೆಯನ್ನೂ ಇಟ್ಟಿದ್ದಾರೆ. ಒಂದೇ ಸಭಾಂಗಣ ಎರಡು ಹೊತ್ತಿನಲ್ಲಿ ಎರಡು ಬೇರೆ ಚಿತ್ರಗಳಾಗಿ ದೊರೆಯುತ್ತದೆ.

ಟ್ರೈಪಾಡಿಗೆ ಹಲವೆಡೆ ಅನುಮತಿ ಇರುವುದಿಲ್ಲ. ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂದು ಹೊಂದಿಸುವ ಐಎಸ್‌ಒ ಅನ್ನು 1600 ಅಥವಾ 3200ಕ್ಕೆ ಏರಿಸಿ, ಭುಜವನ್ನು ಕಂಬಕ್ಕೆ ಒರಗಿಸಿ, ಉಸಿರು ಬಿಡುತ್ತಾ ಗುಂಡಿ ಒತ್ತಿದರೆ ಸಾಕಷ್ಟು ಸ್ಥಿರವಾದ ಚಿತ್ರ ಸಿಗುತ್ತದೆ. ಫ್ಲ್ಯಾಷ್ ಅಂತೂ ಬೇಡವೇ ಬೇಡ. ನಿಷೇಧವಿಲ್ಲದ ಕಡೆಯೂ ಅದರ ಬೆಳಕು ಮೂವತ್ತು ನಲವತ್ತು ಮೀಟರ್ ಎತ್ತರದ ಕಮಾನನ್ನು ಮುಟ್ಟದೆ, ಮುಂದಿನ ಕುರ್ಚಿಗಳ ಬೆನ್ನನ್ನಷ್ಟೇ ಬೆಳಗುತ್ತದೆ.

ಎತ್ತರದ ಕಟ್ಟಡದ ಬುಡದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದಾಗ ಗೋಪುರಗಳು ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಕ್ಯಾಮೆರಾದ ಸಂವೇದಕ ಗೋಡೆಗೆ ಸಮಾಂತರವಾಗಿ ಇಲ್ಲದಿರುವುದೇ ಇದಕ್ಕೆ ಕಾರಣ. ವಾಸ್ತುಶಿಲ್ಪದ ಛಾಯಾಗ್ರಾಹಕರು ಇದಕ್ಕಾಗಿ, ಕ್ಯಾಮೆರಾವನ್ನು ವಾಲಿಸದೆ ಮಸೂರವನ್ನಷ್ಟೇ ಮೇಲಕ್ಕೆ ಸರಿಸಬಲ್ಲ ಶಿಫ್ಟ್ ಲೆನ್ಸ್ ಬಳಸುತ್ತಾರೆ. ತಂತ್ರಾಂಶದಲ್ಲಿಯೂ ಗೆರೆಗಳನ್ನು ನೇರ ಮಾಡಬಹುದು, ಆದರೆ ಅಂಚುಗಳು ಕತ್ತರಿಸಿಹೋಗುವುದರಿಂದ ಚಿತ್ರ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟುಕೊಂಡಿರಬೇಕು. ಎಲ್ಲಕ್ಕಿಂತ ಸರಳ ಉಪಾಯವೆಂದರೆ ದೂರ ಹೋಗುವುದು. 1248ರಲ್ಲಿ ಆರಂಭವಾಗಿ 1880ರಲ್ಲಿ ಪೂರ್ಣಗೊಂಡ ಕಲೋನ್ ಕ್ಯಾಥೆಡ್ರಲಿನ ಗೋಪುರಗಳು ಸುಮಾರು 157 ಮೀಟರ್ ಎತ್ತರವಾಗಿವೆ. ಅದರ ಮುಂದಿನ ಚೌಕದಲ್ಲಿ ಎಷ್ಟು ಹಿಂದೆ ಸರಿದರೂ ಅವು ಚೌಕಟ್ಟಿಗೆ ಒಗ್ಗುವುದಿಲ್ಲ. ರೈನ್ ನದಿಯ ಸೇತುವೆ ದಾಟಿ ಆಚೆ ದಡದ ಡಾಯ್ಟ್ಸ್‌ನಲ್ಲಿ ನಿಂತರೆ ಗೋಪುರಗಳು ನೆಟ್ಟಗೆ ನಿಲ್ಲುತ್ತವೆ. ಅದು ಪೂರ್ವದ ದಡವಾದ್ದರಿಂದ ಬೆಳಿಗ್ಗೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ.

ಕೋಟೆಗಳ ವಿಷಯದಲ್ಲಿ ದೂರವೇ ಎಲ್ಲ. ಅವುಗಳನ್ನು ಕಟ್ಟಿದ್ದೇ ಸುತ್ತಲಿನ ನೆಲವನ್ನೋ ನೀರನ್ನೋ ಕಾಯಲು; ಆದ್ದರಿಂದ ಬೆಟ್ಟ, ಕಣಿವೆ, ಕಡಲಿಲ್ಲದೆ ಕೋಟೆಯ ಚಿತ್ರ ಅಪೂರ್ಣ. ಸ್ಕಾಟ್ಲೆಂಡಿನ ಐಲೀನ್ ಡೊನನ್ ಕೋಟೆಗೆ ಹೋಗುವವರು ಸೂರ್ಯೋದಯದ ಸಮಯದ ಜೊತೆಗೆ ಉಬ್ಬರವಿಳಿತದ ಸಮಯವನ್ನೂ ನೋಡಿಕೊಳ್ಳಬೇಕು, ಏಕೆಂದರೆ ನೀರು ತುಂಬಿದಾಗ ಪ್ರತಿಬಿಂಬ, ನೀರು ಇಳಿದಾಗ ಪಾಚಿ ಹತ್ತಿದ ಕಲ್ಲುಗಳು. 1719ರಲ್ಲಿ ನಾಶವಾಗಿ ಇಪ್ಪತ್ತನೆಯ ಶತಮಾನದಲ್ಲಿ ಮರಳಿ ಕಟ್ಟಿದ ಕೋಟೆ ಅದು ಎಂಬುದನ್ನು ಚಿತ್ರದ ಅಡಿಬರಹದಲ್ಲಿ ಹೇಳುವುದು ನ್ಯಾಯ.

ಇಷ್ಟೆಲ್ಲ ಹೇಳಿದ ಮೇಲೂ, ಇಡೀ ಕಟ್ಟಡವನ್ನು ಹಿಡಿಯುವ ಚಿತ್ರಕ್ಕಿಂತ ಅದರ ಒಂದು ಮೂಲೆಯ ಚಿತ್ರ ನನಗೆ ಹೆಚ್ಚು ಪ್ರಿಯ. ಇಂಗ್ಲೆಂಡಿನ ಫ್ರೆಡರಿಕ್ ಎಚ್. ಇವಾನ್ಸ್ 1903ರಲ್ಲಿ ವೆಲ್ಸ್ ಕ್ಯಾಥೆಡ್ರಲಿನಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಗೋಪುರವಿಲ್ಲ, ವೇದಿಕೆಯಿಲ್ಲ, ಮನುಷ್ಯರೂ ಇಲ್ಲ. ಇರುವುದು ಮೆಟ್ಟಿಲುಗಳು ಮಾತ್ರ. ಶತಮಾನಗಳ ಪಾದಗಳು ಸವೆಸಿದ ಆ ಮೆಟ್ಟಿಲುಗಳ ಒಂದು ಕವಲು ಬಲಕ್ಕೆ ಹೊರಳಿ ಸಭಾಗೃಹದ ಕಡೆಗೆ ಅಲೆಯ ಹಾಗೆ ಉಕ್ಕುತ್ತದೆ, ಇನ್ನೊಂದು ನೇರವಾಗಿ ಮೇಲಿನ ಬಾಗಿಲಿಗೆ ಏರುತ್ತದೆ. ಅಂಚುಗಳ ಸವಕಲನ್ನು ಬಿಟ್ಟಿದ್ದರೆ ಆ ಚಿತ್ರವೇ ಇರುತ್ತಿರಲಿಲ್ಲ. ನಾವೂ ಒಂದು ಹೊಸ್ತಿಲಿನ ತಗ್ಗನ್ನು, ಮಳೆನೀರು ಉಗುಳುವ ಮೃಗಮುಖದ ತೂಬನ್ನು, ಕಲ್ಲುಕುಟಿಗ ತನ್ನ ಗುರುತಾಗಿ ಕೊರೆದ ಸಣ್ಣ ಚಿಹ್ನೆಯನ್ನು ಹುಡುಕಿ ತೆಗೆಯಬಹುದು. ರೀಮ್ಸ್ ಕ್ಯಾಥೆಡ್ರಲಿನ ನಗುವ ದೇವದೂತನ ತಲೆ 1914ರ ಯುದ್ಧದ ಬೆಂಕಿಯಲ್ಲಿ ಕಳಚಿ ಬಿದ್ದು ಚೂರಾಗಿತ್ತು. ಅದನ್ನು 1926ರಲ್ಲಿ ಮತ್ತೆ ಕೂಡಿಸಿದರು. ಸ್ಮಾರಕಗಳು ಮೊದಲು ಕಳೆದುಕೊಳ್ಳುವುದು ಇಂಥ ಬಿಡಿಭಾಗಗಳನ್ನೇ.

ವ್ಯಾಟಿಕನ್ನಿನ ಸಿಸ್ಟೈನ್ ಚಾಪೆಲಿನಲ್ಲಿ, ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಅರಮನೆಯ ಒಳಗೆ ಚಿತ್ರ ತೆಗೆಯುವಂತಿಲ್ಲ. ಅಂಥ ಕಡೆ ಕ್ಯಾಮೆರಾವನ್ನು ಚೀಲದಲ್ಲಿಟ್ಟು ಕಣ್ಣಿನಿಂದ ನೋಡೋಣ. ಡ್ರೋನ್ ಹಾರಿಸುವ ಮೊದಲು ಸ್ಥಳೀಯ ನಿಯಮವನ್ನು ಕೇಳಿ ತಿಳಿಯಬೇಕು. ಪ್ರಾರ್ಥನೆ ನಡೆಯುತ್ತಿರುವಾಗ ಅನುಮತಿ ಇದ್ದರೂ ತೆಗೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮಂಡಿಯೂರಿದವರಿಗೆ ಅದು ಸ್ಮಾರಕವಲ್ಲ.

ಕೊನೆಯದಾಗಿ ಒಂದು ಕೋರಿಕೆ. ಅಂದಿನ ಚಿತ್ರಗಳನ್ನು ಅಂದೇ ರಾತ್ರಿ ತೆರೆದು, ಪ್ರತಿಯೊಂದಕ್ಕೂ ಊರು, ಕಟ್ಟಡ, ಯಾವ ದಿಕ್ಕಿನ ಗೋಡೆ, ಯಾವ ದಿನ, ಯಾವ ಹೊತ್ತು ಎಂಬುದನ್ನು ಬರೆದಿಡಿ. ದುರಸ್ತಿಗಾಗಿ ಅಟ್ಟಣಿಗೆ ಕಟ್ಟಿದ್ದರೆ ಬೇಸರಪಡದೆ ಅದನ್ನೂ ಚೌಕಟ್ಟಿನೊಳಗೆ ಸೇರಿಸಿಕೊಳ್ಳಿ. ಆ ವರ್ಷ ಆ ಗೋಡೆಗೆ ಯಾರೋ ಆರೈಕೆ ಮಾಡುತ್ತಿದ್ದರೆಂಬುದು ಅದರಿಂದಲೇ ತಿಳಿಯುತ್ತದೆ. ನಮಸ್ಕಾರ.