ಬೆಣ್ಣೆದೋಸೆ ಫೋಟೊಗೆ 54 ಸಾವಿರದ ನೋಟಿಸ್: ಕಾಪಿರೈಟ್ ದೂರು ಬಂದ್ರೆ ವೆಬ್ ಡಿಸೈನರ್ ಏನ್ ಮಾಡ್ಬೇಕು?

[ಪರದೆ: ಕಾವಲಿ ಮೇಲೆ ಬೆಣ್ಣೆದೋಸೆ, ಬೆಣ್ಣೆ ಕರಗ್ತಾ ಇದೆ]

ಈ ದೋಸೆ ನೋಡಿ. ಧೈರ್ಯವಾಗಿ ತೋರಿಸ್ತಿದೀನಿ, ಯಾಕಂದ್ರೆ ಈ ಫೋಟೊ ನಾನೇ ತೆಗೆದದ್ದು. ದಾವಣಗೆರೆಯ ಒಂದು ಹೋಟೆಲ್‌ನ ವೆಬ್‌ಸೈಟಲ್ಲಿ ಇದೆ. ಮುಂಚೆ ಇದೇ ಜಾಗದಲ್ಲಿ ಇನ್ನೊಂದು ದೋಸೆ ಇತ್ತು. ನಾನು ಬಾಯಿಗೂ ಹಾಕ್ಕೊಳ್ದ ಆ ದೋಸೆಗೆ 17 ಸಾವಿರ ಬಿಲ್ ಕಟ್ಟಿದೀನಿ.

ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ವೆಬ್‌ಸೈಟ್ ಮಾಡ್ಕೊಡೋನು, ಪೆಟ್ಟು ತಿಂದು ಕಾನೂನು ಓದಿದೋನು.

ಆಗಿದ್ದಿಷ್ಟು. ಹೋಟೆಲ್ ಮಾಲೀಕರ ಹತ್ರ ಒಂದೂ ಒಳ್ಳೆ ಫೋಟೊ ಇರಲಿಲ್ಲ. ಸದ್ಯಕ್ಕೆ ಇರ್ಲಿ ಅಂತ ಗೂಗಲ್‌ನಿಂದ ಒಂದು ದೋಸೆ ಎತ್ತಿ ಬ್ಯಾನರ್‌ಗೆ ಹಾಕ್ದೆ. 'ಸದ್ಯಕ್ಕೆ' ಅನ್ನೋ ಪದ ಇದೆಯಲ್ಲ, ನಮ್ಮ ಕಸುಬಲ್ಲಿ ಅದರ ಆಯಸ್ಸು ಎರಡು ವರ್ಷ. ಸೈಟ್ ಲೈವ್ ಆಯ್ತು, ದುಡ್ಡು ಬಂತು, ದೋಸೆ ಮರ್ತೇ ಹೋಯ್ತು. ಒಂದಿನ ಮಾಲೀಕರ ಫೋನು: "ಏನಪ್ಪಾ ತಮ್ಮಾ, ಇದ್ಯಾರೋ ಇಂಗ್ಲಿಷ್‌ನಾಗೆ ಮೇಲ್ ಕಳ್ಸ್ಯಾರೆ. 54 ಸಾವ್ರ ಕಟ್ಟು, ಇಲ್ಲಾಂದ್ರೆ ಕೋರ್ಟು ಅಂತಾರೆ."

ಸೈಟ್‌ಗೆ ನಾನು ತಗೊಂಡಿದ್ದೇ 22 ಸಾವಿರ!

ಕೈಕಾಲು ಆಡ್ಲಿಲ್ಲ. ಐದೇ ನಿಮಿಷದಲ್ಲಿ ಪೇಜಿಂದ ಫೋಟೊ ಕಿತ್ತು ಹಾಕಿ, "ಅಂಥ ಫೋಟೊ ನಮ್ಮ ಸೈಟಲ್ಲಿ ಇಲ್ವೇ ಇಲ್ಲ" ಅಂತ ಉತ್ತರ ಬರೆದೆ. ಮಾರನೇ ದಿನ ಅವರಿಂದ ಒಂದು ಪಿಡಿಎಫ್ ಬಂತು. ತಾರೀಖು, ಸಮಯ, ವಿಳಾಸದ ಸಮೇತ ಸ್ಕ್ರೀನ್‌ಶಾಟ್. ಜೊತೆಗೆ ಒಂದು ಲಿಂಕ್. ಒತ್ತಿದ್ರೆ ಅದೇ ದೋಸೆ ನಮ್ಮದೇ ಸರ್ವರಿಂದ ತೆರ್ಕೊಳ್ತು. ನಾನು ಸೈಟ್ ಕಟ್ಟೋಕೆ ಬಳಸೋ ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪೇಜಿಂದ ತೆಗೆದ್ರೆ ಫೈಲ್ ಹೋಗಲ್ಲ, ಮೀಡಿಯಾ ಲೈಬ್ರರಿಯಲ್ಲಿ ಹಾಗೇ ಕೂತಿರುತ್ತೆ. ಅಷ್ಟರಲ್ಲಿ ನಾನು ಫೋಟೊ ಕದ್ದೋನು ಮಾತ್ರ ಅಲ್ಲ, ಸುಳ್ಳು ಹೇಳಿದೋನೂ ಆಗಿದ್ದೆ. ಮುಂದೆ ಚೌಕಾಸಿ ಮಾಡೋವಾಗ ಆ ಒಂದು ಸಾಲು ನನಗೆ ಎಷ್ಟು ದುಬಾರಿ ಆಯ್ತು ಅಂದ್ರೆ, ಫೋಟೊಗಿಂತ ಅದಕ್ಕೇ ಜಾಸ್ತಿ ಕೊಟ್ಟೆ ಅಂತ ಈಗಲೂ ಅನ್ಸುತ್ತೆ.

[ಪರದೆ: ಕಂಪ್ಯೂಟರ್, ಅರೆ ತೆರೆದ ಮೇಲ್]

ಹಾಗಾದ್ರೆ ಆ ಮೊದಲ ಗಂಟೆಯಲ್ಲಿ ಏನ್ ಮಾಡ್ಬೇಕಿತ್ತು? ಮೊದಲು, ಮೇಲ್ ನಿಜವೋ ನಕಲಿಯೋ ನೋಡ್ಬೇಕು. ಸೈಟಿನ ಸಂಪರ್ಕ ಫಾರ್ಮ್‌ನಿಂದ "ನನ್ನ ಫೋಟೊ ಕದ್ದಿದ್ದೀರಿ, ಸಾಕ್ಷಿ ಈ ಲಿಂಕಲ್ಲಿದೆ" ಅಂತ ಬಂದ್ರೆ ಲಿಂಕ್ ಮುಟ್ಬೇಡಿ. ಇದೇ ದಾರಿಯಲ್ಲಿ ಮಾಲ್‌ವೇರ್ ಹರಡ್ತಿದೆ ಅಂತ 2021ರಲ್ಲಿ ಮೈಕ್ರೋಸಾಫ್ಟ್ ಎಚ್ಚರಿಸಿತ್ತು. ಯಾವ ಫೋಟೊ, ಯಾವ ಪೇಜು ಅಂತ ಹೇಳ್ದೆ ಬರೀ ಬೆದರಿಸೋ ಮೇಲ್ ಕಂಡ್ರೆ ಅನುಮಾನ ಪಡಿ.

ನಿಜ ಅನ್ಸಿದ್ರೆ? ತೆಗೀರಿ. ಆದ್ರೆ ತೆಗೆಯೋಕೆ ಮುಂಚೆ ದಾಖಲೆ ಮಾಡ್ಕೊಳ್ಳಿ: ಪೇಜಿನ ಸ್ಕ್ರೀನ್‌ಶಾಟ್, ಫೈಲ್ ಅಪ್‌ಲೋಡ್ ಆದ ತಾರೀಖು, ಯಾರ ಲಾಗಿನ್‌ನಿಂದ ಆಗಿದ್ದು. ಆಮೇಲೆ ಬುಡಸಮೇತ ತೆಗೀರಿ. ವರ್ಡ್‌ಪ್ರೆಸ್ ಒಂದೇ ಚಿತ್ರಕ್ಕೆ ನಾಲ್ಕೈದು ಅಳತೆಯ ಮರಿ ಹಾಕಿರುತ್ತೆ, ಸೈಟ್ ಬೇಗ ತೆರೆಯಲಿ ಅಂತ ಬೇರೆ ಸರ್ವರ್‌ಗಳಲ್ಲಿ ಇಡೋ ನಕಲಿನಲ್ಲೂ (ಸಿಡಿಎನ್ ಕ್ಯಾಶೆ) ಇರುತ್ತೆ, ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿದಾಗ ಕಾಣೋ ಪ್ರಿವ್ಯೂ ಚಿತ್ರಾನೂ ಅದೇ ಇರಬಹುದು.

"ತೆಗೆದ್ರೆ ತಪ್ಪು ಒಪ್ಕೊಂಡ ಹಾಗಲ್ವಾ?" ಅಂತ ಕೇಳ್ತಾರೆ. ಇಲ್ಲ. ನಿಜವಾದ ಅಪಾಯ ಇರೋದು ತೆಗೆಯದೇ ಇದ್ರೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 63ರಲ್ಲಿ ಶಿಕ್ಷೆ ಇರೋದು 'ಗೊತ್ತಿದ್ದೂ' ಉಲ್ಲಂಘಿಸಿದೋರಿಗೆ. 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಇದು ಜಾಮೀನುರಹಿತ ಅಪರಾಧ ಅಂತ, ಅಂದ್ರೆ ಜಾಮೀನು ಹಕ್ಕಾಗಿ ಸಿಗಲ್ಲ, ಕೊಡೋದು ಬಿಡೋದು ಕೋರ್ಟಿಗೆ ಬಿಟ್ಟದ್ದು ಅಂತ, ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನೋಟಿಸ್ ಕೈಗೆ ಬಂದ ಮೇಲೂ ಫೋಟೊ ಹಾಗೇ ಇದ್ರೆ, 'ಗೊತ್ತಿರಲಿಲ್ಲ' ಅಂತ ಯಾವ ಬಾಯಲ್ಲಿ ಹೇಳ್ತೀರಿ? ಆದ್ರೆ ತೆಗೆದ ತಕ್ಷಣ ಹಳೇ ಲೆಕ್ಕ ಚುಕ್ತಾ ಅಂತಲೂ ಅಂದ್ಕೋಬೇಡಿ. ಇಷ್ಟು ದಿನ ಬಳಸಿದ್ದಕ್ಕೆ ಅವರು ದುಡ್ಡು ಕೇಳಬಹುದು.

ಉತ್ತರ ಎರಡೇ ಸಾಲು ಸಾಕು. "ನಿಮ್ಮ ಮೇಲ್ ಬಂದಿದೆ. ಪರಿಶೀಲಿಸ್ತಿದ್ದೀವಿ, ಅಲ್ಲಿವರೆಗೆ ಚಿತ್ರ ತೆಗೆದಿದ್ದೀವಿ." ಕ್ಷಮೆ ಬೇಡ, ಕಥೆ ಬೇಡ, ಜಗಳವೂ ಬೇಡ. ಆಮೇಲೆ ಕಾಗದ ಕೇಳಿ. ಮೂಲ ಫೈಲ್ ಎಲ್ಲಿ? ಫೋಟೊಗ್ರಾಫರ್ ಪರವಾಗಿ ದುಡ್ಡು ಕೇಳೋ ಅಧಿಕಾರ ನಿಮಗಿದೆ ಅನ್ನೋಕೆ ಪತ್ರ ಎಲ್ಲಿ? ಈ ಮೊತ್ತ ಯಾವ ಲೆಕ್ಕದಲ್ಲಿ ಬಂತು? "ನೋಂದಣಿ ಪತ್ರ ತೋರ್ಸಿ, ಇಲ್ಲಾಂದ್ರೆ ನಡೀರಿ" ಅಂತ ಮಾತ್ರ ಹೇಳ್ಬೇಡಿ. ನಮ್ಮ ದೇಶದಲ್ಲಿ ಕಾಪಿರೈಟ್ ಹುಟ್ಟೋಕೆ ನೋಂದಣಿ ಬೇಡ, ಫೋಟೊ ತೆಗೆದ ಕ್ಷಣಕ್ಕೇ ಬಂದಿರುತ್ತೆ.

ಲೆಕ್ಕ ಕೇಳಿದ ಮೇಲೇ ನನ್ನ 54 ಇಳಿಯೋಕೆ ಶುರುವಾಗಿದ್ದು. ಅಮೆರಿಕದ ಕಾನೂನಲ್ಲಿ ಒಂದೊಂದು ಕೃತಿಗೆ 750ರಿಂದ 30 ಸಾವಿರ ಡಾಲರ್, ಬೇಕಂತಲೇ ಮಾಡಿದ್ರೆ ಒಂದೂವರೆ ಲಕ್ಷ ಡಾಲರ್‌ವರೆಗೂ ಕೋರ್ಟ್ ಹಾಕಬಹುದು. ಅದೂ ಅಲ್ಲಿ ಸಮಯಕ್ಕೆ ಸರಿಯಾಗಿ ನೋಂದಾಯಿಸಿದ್ರೆ ಮಾತ್ರ. ನಮ್ಮ ಕಾಯ್ದೆಯಲ್ಲಿ ಅಂಥ ಸಿದ್ಧ ದರಪಟ್ಟಿ ಇಲ್ಲ. ದಾವಣಗೆರೆ ಹೋಟೆಲ್‌ಗೆ ಡಾಲರ್ ಲೆಕ್ಕದಲ್ಲಿ ಹೆದರಿಸಿದ್ರೆ, ಆ ಫೋಟೊಗೆ ಮಾಮೂಲಿ ಲೈಸೆನ್ಸ್ ದರ ಎಷ್ಟು ಅಂತ ಕೇಳೋದು ನ್ಯಾಯವೇ. ಕೊನೆಗೆ 17ಕ್ಕೆ ಇತ್ಯರ್ಥ ಆಯ್ತು. ದುಡ್ಡು ಹಾಕೋಕೆ ಮುಂಚೆ, ಈ ಚಿತ್ರದ ಬಗ್ಗೆ ನನ್ನ ಮೇಲಾಗಲಿ ಹೋಟೆಲ್ ಮೇಲಾಗಲಿ ಇನ್ಯಾವ ಬೇಡಿಕೆಯೂ ಇಲ್ಲ ಅಂತ ಬರಹದಲ್ಲಿ ತಗೊಂಡೆ. ಮಾಲೀಕರ ಹೆಸರು ಆ ಕಾಗದದಲ್ಲಿ ಇರಲೇಬೇಕು. ಸೈಟ್ ಅವರದ್ದು, ನೋಟಿಸ್ ಅವರಿಗೇ ಬರೋದು.

ನನ್ನ ಕಥೇಲಿ ತಪ್ಪು ನನ್ನದೇ, ಕಟ್ಟಿದ್ದೂ ನಾನೇ. ಆದ್ರೆ ಎಷ್ಟೋ ಸಲ ಫೋಟೊ ಕೊಟ್ಟೋರು ಕ್ಲೈಂಟ್ ಆಗಿರ್ತಾರೆ. ವಾಟ್ಸಾಪ್‌ನಲ್ಲಿ ಇಪ್ಪತ್ತು ಫೋಟೊ ಬರುತ್ತೆ, ಜೊತೆಗೊಂದು ವಾಯ್ಸ್ ಮೆಸೇಜ್: "ಇವೆಲ್ಲಾ ನಮ್ಮವೇ, ಹಾಕ್ಬಿಡಿ." ಮಾಮೂಲಿ ಫೋಟೊ ಆಗಿ ಕಳಿಸಿದ್ರೆ ವಾಟ್ಸಾಪ್ ಅದರ ಒಳಗಿನ ಮಾಹಿತಿಯನ್ನ ಬಹುತೇಕ ಒರೆಸಿಬಿಡುತ್ತೆ, ಯಾರು ಯಾವಾಗ ತೆಗೆದದ್ದು ಅಂತ ಸಾಮಾನ್ಯವಾಗಿ ಅದರಲ್ಲಿ ಉಳಿಯಲ್ಲ. ಆ ಚಾಟ್ ಅಳಿಸ್ಬೇಡಿ. ಕರಾರಿನಲ್ಲಿ ಎರಡು ಸಾಲು ಸೇರಿಸಿ: ಕ್ಲೈಂಟ್ ಕೊಟ್ಟ ಚಿತ್ರ, ಬರಹಗಳ ಹಕ್ಕು ಕ್ಲೈಂಟ್‌ದೇ ಜವಾಬ್ದಾರಿ, ದೂರು ಬಂದ್ರೆ ಖರ್ಚೂ ಅವರದ್ದೇ. ಇದು ನಿಮಗೂ ಕ್ಲೈಂಟ್‌ಗೂ ನಡುವಿನ ಮಾತು, ಫೋಟೊಗ್ರಾಫರ್‌ನ ಕಟ್ಟಿಹಾಕಲ್ಲ. ಆದ್ರೂ ದುಡ್ಡು ಯಾರ ಜೇಬಿಂದ ಹೋಗ್ಬೇಕು ಅನ್ನೋದು ಅಲ್ಲೇ ತೀರ್ಮಾನ ಆಗುತ್ತೆ.

ಕ್ರಿಯೇಟಿವ್ ಕಾಮನ್ಸ್ ಚಿತ್ರ, ಅಂದ್ರೆ ತೆಗೆದೋರ ಹೆಸರು ಹಾಕೋದು ಥರದ ಷರತ್ತಿಗೆ ಒಪ್ಪಿದ್ರೆ ಬಿಟ್ಟಿಯಾಗಿ ಬಳಸಬಹುದಾದ ಚಿತ್ರ ಬಳಸೋರು ಒಂದು ನಿಮಿಷ ನಿಲ್ಲಿ. ಹೆಸರು ಹಾಕೋದು ಮರ್ತು ಸಿಕ್ಕಿಬಿದ್ದೋರು ಬೇಕಾದಷ್ಟು ಜನ. ಆ ಲೈಸೆನ್ಸ್‌ನ ಆವೃತ್ತಿ 4.0 ಆಗಿದ್ರೆ, ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದ್ರೆ ಬಳಸೋ ಹಕ್ಕು ವಾಪಸ್ ಬರುತ್ತೆ. 2.0 ಥರದ ಹಳೇ ಆವೃತ್ತಿಗಳಲ್ಲಿ ಆ ಕರುಣೆ ಇಲ್ಲ. ಅದನ್ನೇ ಹುಡುಕಿ ನೋಟಿಸ್ ಕಳಿಸೋರು ಇದಾರೆ.

[ಪರದೆ: ಎರಡು ವೆಬ್‌ಸೈಟ್ ಅಕ್ಕಪಕ್ಕ]

ಈಗ ಉಲ್ಟಾ ಕೇಸ್. ನೀವು ಕದ್ದೇ ಇಲ್ಲ, ಆದ್ರೂ "ನನ್ನ ಡಿಸೈನ್ ಕಾಪಿ ಮಾಡಿದೀಯ" ಅಂತಾರೆ. ಮೇಲೆ ದೊಡ್ಡ ಬ್ಯಾನರ್, ಕೆಳಗೆ ಮೂರು ಡಬ್ಬಿ, ಬಲಗಡೆ ಬಟನ್. ಇದು ಯಾರಪ್ಪನ ಮನೆ ಆಸ್ತಿಯೂ ಅಲ್ಲ. ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನ ಹೇಳಿದ ರೀತಿಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಕೇಸಿನಲ್ಲಿ ಹೇಳಿದೆ. ಆದ್ರೆ ಅವರ ಐಕಾನ್, ಬರಹ, ಕೋಡ್ ಹಾಗೇ ಎತ್ತಿದ್ರೆ ಈ ಮಾತು ಕಾಪಾಡಲ್ಲ. ಬುಡ ಇಲ್ಲದ ಬೆದರಿಕೆ ಮುಂದುವರಿದ್ರೆ ನೀವೇ ಕೋರ್ಟಿಗೆ ಹೋಗೋಕೆ ಸೆಕ್ಷನ್ 60 ಇದೆ.

ಹೋಸ್ಟಿಂಗ್, ಅಂದ್ರೆ ಸೈಟ್ ಇಟ್ಟಿರೋ ಸರ್ವರ್, ಅಮೆರಿಕದ ಕಂಪನಿದಾದ್ರೆ ದೂರು ನೇರ ಅವರಿಗೆ ಹೋಗಿ, ಪೇಜ್ ಇಳಿದಿರಬಹುದು. ಆ ದೂರನ್ನ ಡಿಎಂಸಿಎ ನೋಟಿಸ್ ಅಂತಾರೆ, ಡಿಎಂಸಿಎ ಅನ್ನೋದು ಅಮೆರಿಕದ ಡಿಜಿಟಲ್ ಕಾಪಿರೈಟ್ ಕಾಯ್ದೆ. 'ದೂರು ತಪ್ಪು' ಅಂತ ನೀವು ಅದಕ್ಕೆ ಪ್ರತಿನೋಟಿಸ್ ಹಾಕಿದ್ರೆ, ಎದುರಿನೋರು ಕೇಸ್ ಹಾಕದೇ ಇದ್ರೆ, 10ರಿಂದ 14 ಕೆಲಸದ ದಿನಗಳಲ್ಲಿ ಪೇಜ್ ವಾಪಸ್ ಬರ್ಬೇಕು. ಕೇಳೋಕೆ ಸುಲಭ. ಆದ್ರೆ ಆ ಫಾರ್ಮಿನ ಕೊನೆಯಲ್ಲಿ ಒಂದು ಸಾಲಿರುತ್ತೆ: ಅಮೆರಿಕದ ಕೋರ್ಟಿನ ವ್ಯಾಪ್ತಿಗೆ ಒಪ್ಪಿದೀನಿ ಅಂತ. ರಾಣೆಬೆನ್ನೂರಲ್ಲಿ ಕೂತು ಅದಕ್ಕೆ ಟಿಕ್ ಹಾಕೋಕೆ ಮುಂಚೆ ಒಬ್ಬ ವಕೀಲರಿಗೆ ಫೀಸ್ ಕೊಡಿ. ಅಲ್ಲಿ ಮಾತ್ರ ಕಂಜೂಸ್ತನ ಮಾಡ್ಬೇಡಿ.

[ಪರದೆ: ಮತ್ತೆ ಮೊದಲಿನ ದೋಸೆ]

ಇತ್ಯರ್ಥ ಆದ ವಾರ ಕ್ಯಾಮೆರಾ ತಗೊಂಡು ದಾವಣಗೆರೆಗೆ ಹೋದೆ. ಬೆಳಗ್ಗೆ ಏಳಕ್ಕೆ ಕಾವಲಿ ಮುಂದೆ ನಿಂತು ಐವತ್ತು ಫೋಟೊ ತೆಗೆದೆ. ಬೇಡ ಅಂದ್ರೂ ಮಾಲೀಕರು ಎರಡು ಸಾವಿರ ಜೇಬಿಗೆ ತುರುಕಿದ್ರು. ಇಲ್ಲೊಂದು ಮಜಾ ಇದೆ. ಒಪ್ಪಂದ ಬೇರೆ ಇಲ್ದೇ ಇದ್ರೆ, ಫ್ರೀಲ್ಯಾನ್ಸರ್ ಬರೆದ ಕೋಡ್ ಬರಹದಲ್ಲಿ ವರ್ಗಾಯಿಸೋವರೆಗೂ ಅವನದ್ದೇ. ಆದ್ರೆ ದುಡ್ಡು ಕೊಟ್ಟು ತೆಗೆಸಿದ ಫೋಟೊ, ಸೆಕ್ಷನ್ 17ರ ಪ್ರಕಾರ, ತೆಗೆಸಿದೋರದ್ದು. ಅಂದ್ರೆ ಈ ದೋಸೆ ತೆಗೆದೋನು ನಾನು, ಆದ್ರೆ ಹಕ್ಕು ಮಾಲೀಕರದ್ದು ಅಂತ ವಾದಿಸಬಹುದು.

ಈ ವಿಡಿಯೋಗೆ ಹಾಕ್ಲಾ ಅಂತ ವಾಟ್ಸಾಪ್‌ನಲ್ಲಿ ಕೇಳ್ದೆ. "ಹಾಕ್ಕೊಳಪ್ಪಾ, ಅದಕ್ಯಾಕೆ ಕೇಳ್ತಿ" ಅಂದ್ರು. ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡಿದೀನಿ.