ಹಗ್ಗ ಎಷ್ಟು ಉದ್ದ, ಮೈ ಎಷ್ಟು ತೂಕ

ನಮಸ್ಕಾರ ಕೇಳುಗರೇ. ವೈಟ್‌ಫೀಲ್ಡ್ ಕಡೆಯ ಯಾವುದಾದರೂ ಅಪಾರ್ಟ್‌ಮೆಂಟಿನ 13ನೇ ಮಹಡಿಯಿಂದ ಕೆಳಗೆ ಇಣುಕಿ ನೋಡಿ. ನೆಲ ಸುಮಾರು 40 ಮೀಟರ್ ಕೆಳಗಿರುತ್ತದೆ. ಬಯಲಲ್ಲಿ ಕ್ರೇನ್ ನಿಲ್ಲಿಸಿ, ಕಾಲಿಗೆ ರಬ್ಬರ್ ಹಗ್ಗ ಕಟ್ಟಿ ಧುಮುಕಿಸುವ ಬಂಜೀ ಜಿಗಿತಕ್ಕೂ ಸುಮಾರಾಗಿ ಇಷ್ಟೇ ಎತ್ತರ. "ಹಗ್ಗ ಕಡಿದರೆ ಗತಿಯೇನು?" ಅಂತ ಎಲ್ಲರೂ ಕೇಳುತ್ತಾರೆ. ಹಗ್ಗ ಕಟ್ಟುವವನ ತಲೆಬಿಸಿಯೇ ಬೇರೆ: ಈ ಮನುಷ್ಯನ ತೂಕಕ್ಕೆ ಈ ಹಗ್ಗ ಎಷ್ಟು ಹಿಗ್ಗೀತು?

ಈ ಲೆಕ್ಕ ರಬ್ಬರಿಗಿಂತ ಹಳೆಯದು. ಪೆಸಿಫಿಕ್ ಸಾಗರದ ವನುವಾಟು ದೇಶದಲ್ಲಿ ಪೆಂಟೆಕೋಸ್ಟ್ ಎಂಬ ದ್ವೀಪವಿದೆ. ಅಲ್ಲಿ ಹೆಗ್ಗೆಣಸಿನ ಕೊಯ್ಲಿನ ಕಾಲಕ್ಕೆ, ಏಪ್ರಿಲ್‌ನಿಂದ ಜೂನ್ ನಡುವೆ, ಮರದಿಂದ 20-30 ಮೀಟರ್ ಎತ್ತರದ ಅಟ್ಟಣೆ ಕಟ್ಟಿ, ಗಂಡಸರು ಕಾಲಿಗೆ ಬಳ್ಳಿ ಬಿಗಿದುಕೊಂಡು ತಲೆಕೆಳಗಾಗಿ ಧುಮುಕುತ್ತಾರೆ. ಇದಕ್ಕೆ ನಘೋಲ್ ಎಂದು ಹೆಸರು. ಅಲ್ಲಿನ ಕತೆಯ ಪ್ರಕಾರ ಮೊದಲು ಹಾರಿದವಳು ಹೆಂಗಸು. ಗಂಡನ ಕಾಟ ತಾಳಲಾರದೆ ಆಲದ ಮರ ಹತ್ತಿದಳು, ಅವನೂ ಬೆನ್ನಟ್ಟಿ ಹತ್ತಿದ. ಕಾಲಿಗೆ ಬಳ್ಳಿ ಕಟ್ಟಿಕೊಂಡು ಹಾರಿದ ಅವಳು ಉಳಿದಳು, ಹಾಗೇ ಹಾರಿದ ಅವನು ಸತ್ತ. ಈಗ ಹೆಂಗಸರಿಗೆ ಅಟ್ಟಣೆ ಹತ್ತಲು ಬಿಡುವುದಿಲ್ಲ ಅನ್ನುವುದು ವಿಚಿತ್ರ.

ಬಳ್ಳಿ ರಬ್ಬರಿನಂತೆ ಹಿಗ್ಗುವುದಿಲ್ಲ. ರಸ ತುಂಬಿದ ಹಸಿ ಬಳ್ಳಿಯ ಬಳುಕು, ಎಳೆತಕ್ಕೆ ಮುರಿದು ಕೆಳಗೆ ಬಾಗುವಂತೆ ಕಟ್ಟಿದ ಹಲಗೆ, ಅಗೆದು ಮೆದುಮಾಡಿದ ಮಣ್ಣು, ಇವೆಲ್ಲ ಸೇರಿ ಹೊಡೆತ ತಡೆಯುತ್ತವೆ. ಒಬ್ಬೊಬ್ಬನ ಮೈತೂಕ ಅಂದಾಜು ಮಾಡಿ ಅವನವನಿಗೆ ಬಳ್ಳಿ ಆರಿಸುತ್ತಾರೆ. 1974ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ಬಂದಾಗ ಕಾಲವಲ್ಲದ ಕಾಲದಲ್ಲಿ ಪ್ರದರ್ಶನ ಇಟ್ಟರು. ಬಳ್ಳಿ ಹದಕ್ಕೆ ಬಂದಿರಲಿಲ್ಲ. ತುಂಡಾಗಿ ಒಬ್ಬ ಪ್ರಾಣ ಬಿಟ್ಟ.

ಬಳ್ಳಿಯ ಜಾಗಕ್ಕೆ ರಬ್ಬರ್ ಬಂದದ್ದು 1979ರ ಏಪ್ರಿಲ್ 1ರಂದು, ಮೂರ್ಖರ ದಿನವೇ. ಆಕ್ಸ್‌ಫರ್ಡಿನ ಡೇಂಜರಸ್ ಸ್ಪೋರ್ಟ್ಸ್ ಕ್ಲಬ್ಬಿನವರು ಬ್ರಿಸ್ಟಲ್‌ನ ಕ್ಲಿಫ್ಟನ್ ತೂಗುಸೇತುವೆಯಿಂದ, ಸುಮಾರು 75 ಮೀಟರ್ ಎತ್ತರದಿಂದ ಹಾರಿದರು. ಮೊದಲು ಹಾರಿದವನು ಡೇವಿಡ್ ಕಿರ್ಕ್. ಪೊಲೀಸರು ಎಲ್ಲರನ್ನೂ ಹಿಡಿದೊಯ್ದರು. ಇದನ್ನು ಹುಡುಗಾಟದಿಂದ ಕಸುಬಾಗಿಸಿದವನು ನ್ಯೂಜಿಲೆಂಡಿನ ಎ. ಜೆ. ಹ್ಯಾಕೆಟ್. 1987ರಲ್ಲಿ ಐಫೆಲ್ ಗೋಪುರದಿಂದ ಹಾರಿ ಹೆಸರಾದ. 1988ರ ನವೆಂಬರ್‌ನಲ್ಲಿ ಕ್ವೀನ್ಸ್‌ಟೌನ್ ಬಳಿಯ ಕವಾರೌ ಸೇತುವೆಯಲ್ಲಿ, 43 ಮೀಟರ್ ಎತ್ತರದಲ್ಲಿ, ದುಡ್ಡು ಕೊಟ್ಟು ಹಾರುವ ಕಾಯಂ ತಾಣ ತೆರೆದ. ನಮ್ಮ ರಿಷಿಕೇಶದ ಬಳಿಯ ಒಂದು ತಾಣದ್ದು 83 ಮೀಟರ್. ಮಕಾವ್ ಗೋಪುರದ್ದು 233, ಅಂದರೆ ಜೋಗಕ್ಕಿಂತ 20 ಮೀಟರ್ ಕಡಿಮೆ.

ಈಗ ಹಗ್ಗಕ್ಕೆ ಬರೋಣ. ಅದು ಒಂದೇ ದಪ್ಪ ರಬ್ಬರ್ ಅಲ್ಲ, ನೂರಾರು ಸಣ್ಣ ಲೇಟೆಕ್ಸ್ ಎಳೆಗಳ ಕಂತೆ. ನಾಲ್ಕಾರು ಎಳೆ ಹರಿದರೂ ಉಳಿದವು ಹೊರುತ್ತವೆ. ಒಂದು ಲೆಕ್ಕ ಹಾಕೋಣ. ಬಿಡಿಯಾಗಿ 10 ಮೀಟರ್ ಇರುವ ಹಗ್ಗ, 70 ಕೆಜಿ ತೂಕದವರಿಗೆ ಇನ್ನೂ 20 ಮೀಟರ್ ಹಿಗ್ಗುವಂತಿದೆ ಅಂದುಕೊಳ್ಳಿ. ಮೊದಲ 10 ಮೀಟರ್ ಬರೀ ಬೀಳುವುದು: ಸುಮಾರು ಒಂದೂವರೆ ಸೆಕೆಂಡು, ಗಂಟೆಗೆ 50 ಕಿಲೋಮೀಟರ್ ವೇಗ. ಹಗ್ಗ ಬಿಗಿಯಾದ ತಕ್ಷಣ ವೇಗ ಇಳಿಯುವುದಿಲ್ಲ. ಎಳೆತ ಮೈತೂಕಕ್ಕೆ ಸಮನಾಗುವ ತನಕ ಏರುತ್ತಲೇ ಇರುತ್ತದೆ. ಹಗ್ಗ ಪೂರ್ತಿ ಹಿಗ್ಗಿ ಅತಿ ಕೆಳಗೆ ಬಂದಾಗ ಅದರ ಎಳೆತ ಮೈತೂಕದ 3 ಪಟ್ಟು.

ಅದೇ ಹಗ್ಗಕ್ಕೆ 90 ಕೆಜಿಯವರನ್ನು ಕಟ್ಟಿದರೆ 70 ಕೆಜಿಯವರಿಗಿಂತ 4 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತಾರೆ. ಕಾಲಿಗೆ ಕಟ್ಟಿರುವುದರಿಂದ ತಲೆ ಇನ್ನೂ 2 ಮೀಟರ್ ಕೆಳಗಿರುತ್ತದೆ. 40 ಮೀಟರಿನ ಕ್ರೇನಿನಲ್ಲಿ ಉಳಿಯುವ ಅಂತರ 4 ಮೀಟರಿಗೂ ಕಡಿಮೆ. 50 ಕೆಜಿಯವರಿಗೆ ತಿರುವುಮುರುವು: ಅಷ್ಟು ಕೆಳಗೆ ಹೋಗುವುದಿಲ್ಲ, ಆದರೆ ಜಗ್ಗು ಜೋರು. ರಬ್ಬರ್ ಇಷ್ಟು ಶಿಸ್ತಾಗಿ ವರ್ತಿಸುವುದಿಲ್ಲ, ಅದಕ್ಕೇ ಮರಳುಮೂಟೆ ಕಟ್ಟಿ ಬೀಳಿಸಿ ಪರೀಕ್ಷೆ ಮಾಡುತ್ತಾರೆ.

ಹಾಗಾಗಿ ಒಳ್ಳೆಯ ಕಡೆ ನಿಮ್ಮನ್ನು ಎರಡು ಸಲ ತೂಗುತ್ತಾರೆ, ತೂಕವನ್ನು ಕೈಮೇಲೆ ಮಾರ್ಕರ್‌ನಲ್ಲಿ ಬರೆಯುತ್ತಾರೆ. ತೂಕ ಕೇಳಿ ಬರೆದುಕೊಂಡು ಮೇಲೆ ಕಳಿಸುವ ಜಾಗದಲ್ಲಿ ಟಿಕೆಟ್ ವಾಪಸ್ ಕೊಟ್ಟು ಬನ್ನಿ. ಕಾಲಿಗೆ ಮೆತ್ತೆಯ ಪಟ್ಟಿ, ಅದರ ಮೇಲೆ ನೇಯ್ದ ಬೆಲ್ಟ್; ಅದು ಜಾರಿದರೆ ಇರಲೆಂದು ಸೊಂಟಕ್ಕೆ ಬೇರೆ ಹಾರ್ನೆಸ್. ಕ್ಯಾರಬೀನರ್ ಕೊಕ್ಕೆಗಳಿಗೆ ತಿರುಪಿನ ಬೀಗವಿರಬೇಕು. ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಮುಟ್ಟಿ ನೋಡಬೇಕು. ಪ್ರತಿ ಹಗ್ಗಕ್ಕೂ ಒಂದು ಪುಸ್ತಕವಿದ್ದು ಎಷ್ಟು ಜಿಗಿತ ಆಯಿತೆಂದು ಅದರಲ್ಲಿ ಬರೆದಿರಬೇಕು. ಲೇಟೆಕ್ಸಿಗೆ ಬಿಸಿಲೇ ಶತ್ರು. ಕೆಲಸ ಮುಗಿದ ಹಗ್ಗ ಮಾರ್ಚ್ ಬಿಸಿಲಲ್ಲಿ ಕ್ರೇನ್ ಪಕ್ಕ ಬಿದ್ದಿದ್ದರೆ ಆ ತಂಡದ ಶಿಸ್ತು ಅಲ್ಲೇ ಗೊತ್ತಾಯಿತು.

ಹಗ್ಗ ಕಡಿಯುವುದಕ್ಕಿಂತ ಕಟ್ಟುವವರ ತಪ್ಪಿಗೆ ಹೆಚ್ಚು ಹೆದರಬೇಕು. ಬಿಡಿ ಹಗ್ಗದ ಉದ್ದವನ್ನೇ ಎತ್ತರಕ್ಕೆ ಹೊಂದಿಸಿ ಹಿಗ್ಗುವುದನ್ನು ಮರೆಯುವುದು, ಹಗ್ಗದ ಇನ್ನೊಂದು ತುದಿ ಕಟ್ಟದೇ ಬಿಡುವುದು. ಮಾತಿನ ತಪ್ಪೂ ಉಂಟು. 2015ರಲ್ಲಿ ಸ್ಪೇನ್‌ನಲ್ಲಿ ಹಗ್ಗ ಇನ್ನೂ ಕಟ್ಟಿರದ ಡಚ್ ಹುಡುಗಿಯೊಬ್ಬಳು ಸೇತುವೆಯಿಂದ ಹಾರಿ ಸತ್ತಳು. ತರಬೇತುದಾರ ಇಂಗ್ಲಿಷಿನಲ್ಲಿ ಹೇಳಿದ "ನೋ ಜಂಪ್" ಅವಳಿಗೆ "ನೌ ಜಂಪ್" ಎಂದು ಕೇಳಿಸಿರಬಹುದೆಂದು ನ್ಯಾಯಾಲಯದಲ್ಲಿ ಚರ್ಚೆಯಾಯಿತು. ಕನ್ನಡ, ಹಿಂದಿ, ತಮಿಳು, ಇಂಗ್ಲಿಷ್ ಕಲಸಿ ಮಾತಾಡುವ ನಮ್ಮ ಊರಿನಲ್ಲಿ ಹಾರುವ ಸೂಚನೆ ಯಾವುದು, ನಿಲ್ಲುವ ಸೂಚನೆ ಯಾವುದು ಎಂದು ಮೇಲೆ ಹೋಗುವ ಮೊದಲೇ ಕೇಳಿಕೊಳ್ಳಿ. ಐದರಿಂದ ಒಂದಕ್ಕೆ ಎಣಿಸುವುದು ಒಳ್ಳೆಯ ರೂಢಿ. "ಜಂಪ್" ಅನ್ನುವ ಪದ ಇನ್ಯಾವ ವಾಕ್ಯದಲ್ಲೂ ಬರಬಾರದು.

ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆರೋಗ, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆದವರು, ಬಸುರಿಯರು ಹಾರಬಾರದು. ಕಣ್ಣಿನ ವಿಷಯ ಹಲವರಿಗೆ ಹೊಳೆಯುವುದಿಲ್ಲ: ತಲೆಕೆಳಗಾಗಿ ಜಗ್ಗಿದಾಗ ಮುಖಕ್ಕೆ ರಕ್ತ ನುಗ್ಗಿ ಅಕ್ಷಿಪಟಲದಲ್ಲಿ ರಕ್ತ ಒಸರಿದ ಉದಾಹರಣೆಗಳಿವೆ. ಗ್ಲಾಕೋಮಾ ಇದ್ದವರು ಕಣ್ಣಿನ ಡಾಕ್ಟರನ್ನು ಕೇಳದೆ ಹೋಗಬೇಡಿ. ಹಾರಿ ಇಳಿದ ಮೇಲೆ ದೃಷ್ಟಿ ಮಬ್ಬಾದರೆ ನಾಳೆ ನೋಡೋಣ ಎಂದು ಬಿಡದೆ ಅದೇ ದಿನ ತೋರಿಸಿ. ನಮಸ್ಕಾರ.