ತಿಂದದ್ದೆಷ್ಟು, ಅರಗಿದ್ದೆಷ್ಟು

ಕೇಳುಗ ಬಂಧುಗಳಿಗೆ ನಮಸ್ಕಾರ.

ಮೆಕ್ಕೆಜೋಳದ ಒಕ್ಕಣೆ ಮುಗಿಯಿತು ಅಂದರೆ ನಮ್ಮ ದಾವಣಗೆರೆ ಸುತ್ತಿನ ಹಳ್ಳಿಗಳಲ್ಲಿ ಒಂದೇ ಮಾತು. "ಮೇವು ಲೋಡಿಗೆ ಎಷ್ಟು?" ರೇಟು ಕೇಳುತ್ತೇವೆ, ಲೋಡಿನ ಎತ್ತರ ನೋಡುತ್ತೇವೆ. ಅದರಲ್ಲಿ ದನದ ಮೈಗೆ ಹತ್ತುವುದು ಎಷ್ಟು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳುವವರು ಯಾರು, ಅಲ್ವಾ?

ಒಂದು ಲೆಕ್ಕ ಹಾಕೋಣ. ಹಸು 10 ಕೆಜಿ ಒಣಮೇವು ತಿಂದಿತು. ನೂರಕ್ಕೆ 45 ಪಾಲು ಅರಗಿದರೆ ಹಸುವಿಗೆ ದಕ್ಕಿದ್ದು ನಾಲ್ಕೂವರೆ ಕೆಜಿ. ಉಳಿದ ಐದೂವರೆ ಕೆಜಿ ತಿಪ್ಪೆಗೆ. ಭತ್ತದ ಹುಲ್ಲಿನ ಕಥೆ ಹೆಚ್ಚು ಕಡಿಮೆ ಇಷ್ಟೇ. ಚಳ್ಳಕೆರೆ ಕಡೆಯ ಒಳ್ಳೇ ಶೇಂಗಾ ಬಳ್ಳಿ ನೂರಕ್ಕೆ 55ರಷ್ಟು ಅರಗುತ್ತದೆ. ಅಲ್ಲಿಗೆ ದಿನಕ್ಕೆ ಒಂದು ಕೆಜಿ ವ್ಯತ್ಯಾಸ ಆಯಿತು. ಬೇಗ ಅರಗದ ಮೇವು ಹೊಟ್ಟೆಯಲ್ಲೇ ಜಾಗ ಹಿಡಿದು ಕೂರುತ್ತದೆ. ಹಸು ಮುಂದಿನ ತುತ್ತಿಗೆ ಬಾಯಿ ಹಾಕುವುದೇ ಇಲ್ಲ.

ಇದನ್ನು ಅಳೆಯುವುದು ಹೇಗೆ? 1963ರಲ್ಲಿ ಇಂಗ್ಲೆಂಡಿನ ಟಿಲ್ಲಿ ಮತ್ತು ಟೆರ್ರಿ ಎಂಬ ಇಬ್ಬರು ಒಂದು ದಾರಿ ತೋರಿಸಿದರು. ದನದ ದೊಡ್ಡ ಹೊಟ್ಟೆಯ ರಸವನ್ನೇ ತಂದು, ಗಾಜಿನ ಕೊಳವೆಯಲ್ಲಿ ಪುಡಿ ಮಾಡಿದ ಮೇವಿನ ಜೊತೆ 48 ಗಂಟೆ ಬೆಚ್ಚಗೆ ಇಡಬೇಕು. ಆಮೇಲೆ ಆಮ್ಲ, ಪ್ರೋಟೀನು ಅರಗಿಸುವ ಪೆಪ್ಸಿನ್ ಹಾಕಿ ಇನ್ನೂ 48 ಗಂಟೆ. ಕೊನೆಗೆ ಉಳಿದದ್ದನ್ನು ತೂಗಬೇಕು. ಇವತ್ತಿಗೂ ಇದು ನಂಬಿಕಸ್ಥ ವಿಧಾನವೇ. ಆದರೆ ನಾಲ್ಕು ದಿನದ ಕೆಲಸ. ವಾಸನೆಯ ಬಗ್ಗೆ ನಾನು ಹೇಳುವುದಿಲ್ಲ, ನಿಮ್ಮಲ್ಲಿ ಕೆಲವರು ಊಟಕ್ಕೆ ಕೂತಿರಬಹುದು.

ಈಗ ಅದೇ ಕೆಲಸಕ್ಕೆ ಬೆಳಕನ್ನು ಹಚ್ಚಿದ್ದಾರೆ. ನಿಮ್ಮ ಟಿವಿ ರಿಮೋಟಿನ ಬಟನ್ ಒತ್ತಿದರೆ ತುದಿಯಲ್ಲಿ ಏನೂ ಕಾಣುವುದಿಲ್ಲ. ಆದರೂ ಅಲ್ಲಿಂದ ಬೆಳಕು ಹೊರಡುತ್ತದೆ. ಕೆಂಪು ಬಣ್ಣದ ಆಚೆಗಿರುವ, ನಮ್ಮ ಕಣ್ಣಿಗೆ ಸಿಗದ ಬೆಳಕು ಅದು. ಇದಕ್ಕೆ ನಿಯರ್ ಇನ್‌ಫ್ರಾರೆಡ್ ಅನ್ನುತ್ತಾರೆ. ಇಂಥ ಬೆಳಕನ್ನು ಮೇವಿನ ಪುಡಿಯ ಮೇಲೆ ಬಿಟ್ಟಾಗ ನೀರು, ಪ್ರೋಟೀನು, ನಾರು ತಮತಮಗೆ ಬೇಕಾದ ಪಾಲನ್ನು ಹೀರಿಕೊಳ್ಳುತ್ತವೆ. ತಿರುಗಿ ಬಂದ ಬೆಳಕಿನಲ್ಲಿ ಏನೇನು ಕಡಿಮೆಯಾಗಿದೆ ಅಂತ ಯಂತ್ರ ಒಂದೆರಡು ನಿಮಿಷದಲ್ಲಿ ಗೆರೆ ಎಳೆದು ತೋರಿಸುತ್ತದೆ. ಅಮೆರಿಕದ ಕಾರ್ಲ್ ನಾರಿಸ್ ಇದನ್ನು ಮೊದಲು ಕಾಳುಕಡ್ಡಿಗೆ ಬಳಸಿದರು. 1976ರ ಹೊತ್ತಿಗೆ ಅವರೂ ಜೊತೆಗಾರರೂ ಮೇವಿಗೂ ತಂದರು.

ಆದರೆ ಒಂದು ಮಾತು. ಯಂತ್ರಕ್ಕೆ ಸಿಗುವುದು ಬರೀ ಗೆರೆ. ಇಂಥ ಗೆರೆಯ ಮೇವು ಇಷ್ಟು ಅರಗುತ್ತದೆ ಅನ್ನುವುದನ್ನು ಅದಕ್ಕೆ ಕಲಿಸಬೇಕು. ನೂರಾರು ಮಾದರಿಗಳನ್ನು ಮೊದಲು ಆ ನಾಲ್ಕು ದಿನದ ಹಳೇ ವಿಧಾನದಲ್ಲೇ ಅಳೆದು, ಆ ಅಂಕಿಗಳನ್ನು ಗೆರೆಗಳ ಜೊತೆ ತಾಳೆ ಹಾಕಿ ಕಲಿಸುತ್ತಾರೆ. ಅಂದರೆ ಯಂತ್ರಕ್ಕೆ ಮೇಷ್ಟ್ರು ದನದ ಹೊಟ್ಟೆಯೇ! ಬೇರೆ ದೇಶದ ಹಸಿ ಹುಲ್ಲು ತೋರಿಸಿ ಕಲಿಸಿದ ಯಂತ್ರದ ಮುಂದೆ ನಮ್ಮ ಭತ್ತದ ಹುಲ್ಲಿಟ್ಟರೆ ಅದು ಬಾಯಿಗೆ ಬಂದದ್ದು ಹೇಳುತ್ತದೆ. ಅದೂ ಎರಡು ದಶಾಂಶದವರೆಗೆ, ಧೈರ್ಯವಾಗಿ. ಹಾಗಾಗಿ ರಿಪೋರ್ಟ್ ಕೈಗೆ ಬಂದರೆ, ನಮ್ಮಂಥ ಮೇವಿನ ಮೇಲೆ ಇದನ್ನು ಕಲಿಸಿದ್ದೀರಾ ಅಂತ ಮೊದಲು ಕೇಳಿ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಜೋಳದ ದಂಟು, ಶೇಂಗಾ ಬಳ್ಳಿಗಳ ಮೇಲೆ ಇಂಥ ಕೆಲಸ ನಡೆದಿದೆ. ಕಾಳಿನ ಇಳುವರಿ ಒಂದೇ ಇದ್ದರೂ ಒಂದು ತಳಿಯ ದಂಟು ಜಾಸ್ತಿ ಅರಗುತ್ತದೆ, ಇನ್ನೊಂದರದು ಕಡಿಮೆ.

ಇನ್ನು ಮಾದರಿ ತೆಗೆಯುವ ವಿಚಾರ. ಇದರಲ್ಲಿ ನಾನೇ ಏಮಾರಿದ್ದೇನೆ. ಒಮ್ಮೆ ಮೆಕ್ಕೆಜೋಳದ ಮೇವಿನ ಬಣವೆಯಿಂದ ಕೈಗೆ ಸುಲಭವಾಗಿ ಸಿಕ್ಕ ಎಲೆಗಳನ್ನೇ ಕಿತ್ತು ಚೀಲಕ್ಕೆ ತುಂಬಿ ಕಳಿಸಿದೆ. ರಿಪೋರ್ಟ್ ಬಲು ಚೆನ್ನಾಗಿ ಬಂತು. ಅದನ್ನು ನಂಬಿ ಹಿಂಡಿ ಕಡಿಮೆ ಮಾಡಿದೆ. ವಾರದಲ್ಲಿ ಹಾಲು ಇಳಿಯಿತು. ಎಲೆಗಿಂತ ದಂಟು ಕಡಿಮೆ ಅರಗುತ್ತದೆ, ಬಣವೆ ತುಂಬ ಇದ್ದದ್ದು ದಂಟೇ! ಬಣವೆಯ ಮೇಲೆ, ಕೆಳಗೆ, ಒಳಗೆ ಹದಿನೈದು ಇಪ್ಪತ್ತು ಕಡೆ ಕೈ ಹಾಕಿ ಹಿಡಿ ಹಿಡಿ ತೆಗೆಯಬೇಕು. ಕತ್ತರಿಸಿ, ಬೆರೆಸಿ, ಅದರಲ್ಲಿ ಸ್ವಲ್ಪ ಕಳಿಸಬೇಕು. ಚೆನ್ನಾಗಿ ಒಣಗಿರಬೇಕು. ನೀರು ಈ ಬೆಳಕನ್ನು ಗಬಗಬ ಹೀರಿ ಉಳಿದದ್ದನ್ನೆಲ್ಲ ಮರೆಮಾಡುತ್ತದೆ. ಸುಣ್ಣ, ರಂಜಕದಂಥ ಖನಿಜಗಳನ್ನು ಈ ಬೆಳಕು ನೇರವಾಗಿ ಕಾಣುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಕಾವಲಿನಲ್ಲಿ ಮೇಯುವ ದನ, ಕುರಿಗಳ ಗತಿ? ಅವು ಯಾವ ಹುಲ್ಲು ಎಷ್ಟು ತಿಂದವು ಅಂತ ಹಿಂದೆ ತಕ್ಕಡಿ ಹಿಡಿದು ಹೋಗಲು ಆಗುತ್ತದೆಯೇ? ಆಸ್ಟ್ರೇಲಿಯಾದಲ್ಲಿ, ಅಮೆರಿಕದ ಟೆಕ್ಸಾಸ್‌ನಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಸಗಣಿಯನ್ನೇ ಒಣಗಿಸಿ, ಪುಡಿ ಮಾಡಿ, ಈ ಬೆಳಕಿನ ಮುಂದೆ ಇಡುತ್ತಾರೆ. ತಿಂದ ಮೇವು ಎಂಥದ್ದು, ಎಷ್ಟು ಅರಗಿತು ಅಂತ ಸಗಣಿ ಹೇಳುತ್ತದೆ.

ಇದನ್ನು ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ನಮ್ಮವ್ವ ದಿನಾ ಬೆಳಗ್ಗೆ ಕುಳ್ಳು ತಟ್ಟುವಾಗ ಸಗಣಿಯಲ್ಲಿ ಬೆರಳಾಡಿಸಿ, "ಕಾಳು ಹಂಗೇ ಬಂದಾವು ನೋಡು, ನಾಳೆಯಿಂದ ಒಡೆಸಿ ಹಾಕು" ಅನ್ನುತ್ತಿದ್ದಳು. ಅಪ್ಪ ಮಾತಾಡದೆ ಜೋಳದ ಚೀಲ ಸೈಕಲ್ಲಿಗೆ ಕಟ್ಟಿ ಗಿರಣಿಗೆ ಹೊರಡುತ್ತಿದ್ದ.

ನಮಸ್ಕಾರ.